ಇಂಥ ಹೊಲಸು ಸಿನಿಮಾಗಳನ್ನು ಜನ ಯಾಕೆ ನೋಡ್ತಾರೆ?

ಪ್ರಶ್ನೆ: ರಕ್ತ, ಕೊಳಕು, ಅಸಹ್ಯ ತುಂಬಿದ ಮೂರು ಕಾಸಿನ ವಿದೇಶಿ ಸಿನಿಮಾಗಳಿಗೂ ಅಭಿಮಾನಿಗಳಿದ್ದಾರಂತೆ. ನಟನೆ ಕೆಟ್ಟದು, ಸೌಂಡ್ ಕೆಟ್ಟದು, ಕಥೆಯಂತೂ ಇಲ್ಲವೇ ಇಲ್ಲ. ಆದರೂ ಯಾಕೆ ನೋಡುತ್ತಾರೆ?

ಉತ್ತರ: ನಟನೆ ಕೆಟ್ಟದು ಅನ್ನುವುದರಲ್ಲಿ ಎರಡು ಮಾತಿಲ್ಲ. ಈ ಬಗೆಯ ಚಿತ್ರಗಳಿಗೆ ದಾರಿ ತೆರೆದ ಅಮೆರಿಕದ ಹರ್ಷಲ್ ಗಾರ್ಡನ್ ಲೂಯಿಸ್ ಕೂಡ ತನ್ನ 'ಬ್ಲಡ್ ಫೀಸ್ಟ್' ಚೆನ್ನಾಗಿದೆ ಎಂದು ವಾದಿಸಲಿಲ್ಲ. ಚೆನ್ನಾಗಿಲ್ಲ, ಆದರೆ ಇಂಥದ್ದರಲ್ಲಿ ಇದೇ ಮೊದಲು ಅನ್ನುತ್ತಿದ್ದ.

ಅದು 1963ರ ಚಿತ್ರ. ಲೂಯಿಸ್ ಜಾಹೀರಾತು ಕಸುಬಿನವನು. ಅವನೂ ನಿರ್ಮಾಪಕ ಡೇವಿಡ್ ಫ್ರೀಡ್‌ಮನ್ನೂ ಅಲ್ಲಿಯವರೆಗೆ ಬೆತ್ತಲೆ ಮೈ ತೋರಿಸುವ ಚಿತ್ರ ತೆಗೆದು ದುಡಿಯುತ್ತಿದ್ದರು. ಅದರಲ್ಲಿ ಪೈಪೋಟಿ ಜಾಸ್ತಿಯಾಯಿತು. ಹಾಲಿವುಡ್‌ನ ದೊಡ್ಡ ಕಂಪನಿಗಳು ಮುಟ್ಟಲು ಹೆದರುವಂಥದ್ದು ಇನ್ನೇನಿದೆ ಎಂದು ಹುಡುಕಿದಾಗ ಸಿಕ್ಕಿದ್ದು ರಕ್ತ. ಮಯಾಮಿಯಲ್ಲಿ 25 ಸಾವಿರ ಡಾಲರ್ ಆಸುಪಾಸಿನಲ್ಲಿ, ಕೆಲವೇ ದಿನಗಳಲ್ಲಿ ಚಿತ್ರೀಕರಣ ಮುಗಿಯಿತು. ಆಗ ಸಿಗುತ್ತಿದ್ದ ನಕಲಿ ರಕ್ತ ನೇರಳೆ ಬಣ್ಣ ಕಾಣುತ್ತದೆಂದು ಬೇರೆಯದೇ ಮಾಡಿಸಿದರು. ನಾಲಗೆ ಕೀಳುವ ದೃಶ್ಯಕ್ಕೆ ಕುರಿ ನಾಲಗೆ ತಂದರು. ಪ್ರೇಕ್ಷಕರಿಗೆ ವಾಂತಿ ಚೀಲ ಹಂಚಿದರು. ಸರಸೋಟ ಎಂಬ ಊರಿನಲ್ಲಿ ಫ್ರೀಡ್‌ಮನ್ ತಾನೇ ಕೋರ್ಟಿಗೆ ಹೋಗಿ ತನ್ನ ಚಿತ್ರಕ್ಕೇ ತಡೆ ತಂದ. ಎಲ್ಲ ಪ್ರಚಾರಕ್ಕೆ!

ಅಂದರೆ ಇಲ್ಲಿ ಮಾರಾಟವಾಗಿದ್ದು ಸಿನಿಮಾ ಅಲ್ಲ, ಪಂಥ. 'ಕೊನೇತನಕ ಕೂರ್ತೀಯಾ?' ಅಂತ ಗೆಳೆಯರು ಕೆಣಕಿದರೆ ಹದಿಹರೆಯದವರು ಎದ್ದು ಬರುತ್ತಾರಾ? ಆದರೆ ಪಂಥ ಒಂದು ಸಲ ಗೆದ್ದರೆ ಮುಗಿಯಿತು. ಇವತ್ತು ಬ್ಲಡ್ ಫೀಸ್ಟ್ ನೋಡಿದರೆ ಹೆದರಿಕೆ ಬಿಡಿ, ನಗು ಬರುತ್ತದೆ.

ಜಾನ್ ವಾಟರ್ಸ್‌ನ ಲೆಕ್ಕವೇ ಬೇರೆ. ಅಮೆರಿಕದ ಬಾಲ್ಟಿಮೋರ್ ಊರಿನ ಈ ಹುಡುಗ ಅಪ್ಪನ ಹತ್ತಿರ ಸಾಲ ಮಾಡಿ, ಸುಮಾರು 12 ಸಾವಿರ ಡಾಲರ್‌ನಲ್ಲಿ 1972ರ 'ಪಿಂಕ್ ಫ್ಲೆಮಿಂಗೋಸ್' ತೆಗೆದ. ಜಗತ್ತಿನ ಅತಿ ಹೊಲಸು ವ್ಯಕ್ತಿ ಎಂಬ ಪಟ್ಟಕ್ಕಾಗಿ ಎರಡು ಗುಂಪುಗಳು ಕಿತ್ತಾಡುವ ಕಥೆ. ಅವನ ಕೈಲಿದ್ದದ್ದು ಟಿವಿ ಸುದ್ದಿಯವರು ಬಳಸುವಂಥ ಕ್ಯಾಮೆರಾ. ಚಿತ್ರ ಮೂಡುವ ರೀಲಿನ ಅಂಚಿನಲ್ಲೇ ಧ್ವನಿಯೂ ದಾಖಲಾಗುತ್ತಿತ್ತು. ಹಾಗಾಗಿ ನಡುವೆ ಕತ್ತರಿ ಹಾಕುವುದು ಕಷ್ಟ. ನಟರು ಪುಟಗಟ್ಟಲೆ ಮಾತು ಬಾಯಿಪಾಠ ಮಾಡಿ ಒಂದೇ ಉಸಿರಿಗೆ ಒಪ್ಪಿಸಬೇಕು. ಅವರೆಲ್ಲ ಯಾಕೆ ಹೀಗೆ ಕಿರುಚುತ್ತಾರೆ ಎಂದು ಮೊದಲು ಕಿರಿಕಿರಿಯಾಗುತ್ತದೆ. ಸ್ವಲ್ಪ ಹೊತ್ತಿಗೆ ಆ ಕಿರುಚಾಟಕ್ಕೂ ಒಂದು ಲಯ ಇದೆ ಅನಿಸುತ್ತದೆ. ಹೆಣ್ಣುವೇಷದ ನಟ ಡಿವೈನ್, ಅರ್ಧ ತಲೆ ಬೋಳಿಸಿ ನೆತ್ತಿಯವರೆಗೆ ಹುಬ್ಬು ಬರೆದುಕೊಂಡು ಬಂದರೆ ಕಣ್ಣು ಬೇರೆಡೆ ಹೋಗುವುದಿಲ್ಲ. ಇಂಥವರನ್ನು ದೊಡ್ಡ ಕಂಪನಿ ಬಾಗಿಲೊಳಗೆ ಬಿಡುತ್ತಿತ್ತಾ? ಬೇಡ ಅನ್ನುವ ಯಜಮಾನ ಇಲ್ಲದ ಜಾಗದಲ್ಲಿ ಮಾತ್ರ ಇಂಥ ಜನ ಸಿಗುತ್ತಾರೆ. ನನ್ನ ಮಟ್ಟಿಗೆ ಈ ಸಿನಿಮಾಗಳ ನಿಜವಾದ ಆಕರ್ಷಣೆ ಅದು.

ಕೊನೆಯಲ್ಲಿ ಡಿವೈನ್ ನಾಯಿಯ ಹೇಲು ತಿನ್ನುತ್ತಾನೆ. ನಿಜವಾಗಿಯೂ. ದೊಡ್ಡ ಬಜೆಟ್ಟಿನ ಚಿತ್ರವಾಗಿದ್ದರೆ ಏನೋ ಟ್ರಿಕ್ ಅಂದುಕೊಳ್ಳುತ್ತಿದ್ದೆವು. ಇವರ ಹತ್ತಿರ ಟ್ರಿಕ್ ಮಾಡಲೂ ದುಡ್ಡಿಲ್ಲ ಅಂತ ಅಷ್ಟು ಹೊತ್ತಿಗೆ ನಮಗೆ ಗೊತ್ತಾಗಿರುತ್ತದೆ. ನ್ಯೂಯಾರ್ಕ್‌ನ ಎಲ್ಗಿನ್ ಥಿಯೇಟರಿನಲ್ಲಿ ಇದು ಮಧ್ಯರಾತ್ರಿಯ ಆಟವಾಗಿ ಓಡಿತು. ನಮ್ಮ ಸೆಕೆಂಡ್ ಶೋ ಬಿಡುವ ಹೊತ್ತಿಗೆ ಅಲ್ಲಿ ಶುರು! 2021ರಲ್ಲಿ ಅಮೆರಿಕ ಸರ್ಕಾರವೇ ಇದನ್ನು ರಾಷ್ಟ್ರೀಯ ಚಲನಚಿತ್ರ ಪಟ್ಟಿಗೆ ಸೇರಿಸಿಕೊಂಡಿತು.

ಕಳಪೆ ಚಿತ್ರ ನಿಜದಂತೆ ಕಾಣುವುದು ಮೋಸಕ್ಕೂ ಆಗಿಬರುತ್ತದೆ. ಜಪಾನಿನಲ್ಲಿ 1985ರಲ್ಲಿ 'ಗಿನಿ ಪಿಗ್' ಎಂಬ ವಿಡಿಯೊ ಸರಣಿ ಶುರುವಾಯಿತು. ಅದರ ಎರಡನೆಯ ಭಾಗವನ್ನು ತೆಗೆದವನು ಮಾಂಗಾ (ಜಪಾನಿ ಕಾಮಿಕ್ಸ್) ಕಲಾವಿದ ಹಿದೇಶಿ ಹಿನೊ. ಒಬ್ಬ ಹೆಂಗಸನ್ನು ತುಂಡು ತುಂಡು ಮಾಡುವುದೇ ಕಥೆ. 1991ರಲ್ಲಿ ಹಾಲಿವುಡ್ ನಟ ಚಾರ್ಲಿ ಶೀನ್ ಇದು ನಿಜವಾದ ಕೊಲೆ ಎಂದು ನಂಬಿ ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐಗೆ ದೂರು ಕೊಟ್ಟ. ಎಲ್ಲ ನಕಲಿ ಅಂತ ಗೊತ್ತಾಯಿತು. ಗೊತ್ತಾದ ಮೇಲೆ ನೋಡಲು ಉಳಿಯುವುದೇನು? ಹೆಸರಿಲ್ಲದ ಹೆಂಗಸು, ಹಾಸಿಗೆ, ಕತ್ತಿ. ಬರೀ ಬೋರು. ಜನ ಈ ಚಿತ್ರಗಳನ್ನು ಅಶ್ಲೀಲ ಎಂದು ಬೈಯುತ್ತಾರೆ. ಬಹುಪಾಲು ಚಿತ್ರಗಳ ದೊಡ್ಡ ದೋಷ ನೀರಸವಾಗಿರುವುದು. ಕೊಯ್ಯಲು ಯಾವಾಗಲೂ ಹೆಣ್ಣಿನ ಮೈಯೇ ಬೇಕು ಅನ್ನುವುದೂ ಸೋಮಾರಿತನವೇ, ಜೊತೆಗೆ ಕ್ರೌರ್ಯ ಕೂಡ.

ಇನ್ನೊಂದು ದೋಷಕ್ಕೆ ನಾನು ರಿಯಾಯಿತಿ ಕೊಡಲಾರೆ. ಇಟಲಿಯ ರುಜೆರೊ ದೇವೊದಾತೊ 1980ರಲ್ಲಿ 'ಕ್ಯಾನಿಬಲ್ ಹೋಲೊಕಾಸ್ಟ್' ತೆಗೆದಾಗ, ನಟರನ್ನು ನಿಜವಾಗಿ ಕೊಂದಿದ್ದಾನೆಂಬ ಅನುಮಾನ ಬಂದು, ಅವರು ಬದುಕಿದ್ದಾರೆ ಎಂದು ಅವನು ಕೋರ್ಟಿಗೆ ತೋರಿಸಬೇಕಾಯಿತು. ಈ ಕಥೆಯನ್ನು ಅಭಿಮಾನಿಗಳು ಖುಷಿಯಿಂದ ಹೇಳುತ್ತಾರೆ. ಅದೇ ಚಿತ್ರದಲ್ಲಿ ಆಮೆ ಮತ್ತಿತರ ಪ್ರಾಣಿಗಳನ್ನು ಕ್ಯಾಮೆರಾ ಮುಂದೆ ನಿಜವಾಗಿ ಕೊಂದದ್ದನ್ನು ಮಾತ್ರ ಮೆಲ್ಲಗೆ ದಾಟಿಬಿಡುತ್ತಾರೆ. ಪಿಂಕ್ ಫ್ಲೆಮಿಂಗೋಸ್‌ನಲ್ಲೂ ಕೋಳಿ ಸತ್ತಿದೆ. ನನಗಿಷ್ಟವಾದ ಚಿತ್ರ ಎಂದು ಅದು ಸರಿಯಾಗುವುದಿಲ್ಲ. ಡಿವೈನ್ ತಾನಾಗಿ ಒಪ್ಪಿ ತಿಂದ. ಕೋಳಿಯನ್ನು ಯಾರೂ ಕೇಳಲಿಲ್ಲ.

ಕುತೂಹಲ ಇದ್ದರೆ ನೇರವಾಗಿ ಇವಕ್ಕೆ ಹಾರಬೇಡಿ. ವಾಟರ್ಸ್‌ನದೇ 1988ರ 'ಹೇರ್‌ಸ್ಪ್ರೇ' ನೋಡಿ. ಅದೇ ಬಾಲ್ಟಿಮೋರ್, ಅದೇ ಡಿವೈನ್, ಈ ಸಲ ಬಟ್ಟೆ ಇಸ್ತ್ರಿ ಮಾಡುವ ಅಮ್ಮನಾಗಿ. ಕಪ್ಪು ಮಕ್ಕಳನ್ನು ಬಿಳಿಯರ ಜೊತೆ ಕುಣಿಯಲು ಬಿಡದ ಟಿವಿ ಕಾರ್ಯಕ್ರಮದ ಕಥೆ. ಮನೆಮಂದಿಯೆಲ್ಲ ಕೂತು ನೋಡಬಹುದು. ಅದು ಹಿಡಿಸಿದರೆ ಆಮೇಲೆ ಹಿಂದಿನವಕ್ಕೆ ಹೋಗಿ. ಊಟವಾದ ತಕ್ಷಣ ಮಾತ್ರ ಬೇಡ.