ಚಳಿಗಾಲಕ್ಕೆ ರೈ ಬಿತ್ತಿದರೆ ಕೆಳಗಿನ ಹುಲ್ಲು ಸಾಯುತ್ತದೆಯೇ?

ಪ್ರಶ್ನೆ: ಚಳಿ ಬಂತೆಂದರೆ ನಮ್ಮ ಬರ್ಮುಡಾ ಲಾನ್ ಒಣಗಿ ಕಂದಾಗುತ್ತದೆ. ಅದರ ಮೇಲೆ ರೈ ಹುಲ್ಲಿನ ಬೀಜ ಬಿತ್ತಿದರೆ ಹಸಿರು ಉಳಿಯುತ್ತದಂತೆ. ಆದರೆ ಕೆಳಗಿನ ಹುಲ್ಲಿಗೆ ಪೆಟ್ಟು ಬೀಳುವುದಿಲ್ಲವೇ?

ಚಳಿಗಾಲದಲ್ಲಿ ಬೀಳುವುದಿಲ್ಲ. ಬಿದ್ದರೆ ಚಳಿ ಕಳೆದ ಮೇಲೆ.

ಬರ್ಮುಡಾ ಅಂದರೆ ಗರಿಕೆಯ ಜಾತಿಯೇ. ಮಣ್ಣಿನ ಬಿಸಿ ಸುಮಾರು 10 ಡಿಗ್ರಿ ಸೆಲ್ಸಿಯಸ್‌ಗಿಂತ ಇಳಿದರೆ ಅದು ಮಲಗಿಬಿಡುತ್ತದೆ. ಎಲೆ ಒಣಗಿದರೂ ನೆಲದೊಳಗಿನ ಕಾಂಡ ಜೀವಂತವಾಗಿರುತ್ತದೆ. ರೈಗೆ ತಂಪು ಇಷ್ಟ. ಹಾಗಾಗಿ ಚಳಿ ಇರುವಷ್ಟು ದಿನ ಎರಡಕ್ಕೂ ಜಗಳವಿಲ್ಲ.

ಬಿತ್ತುವ ಹೊತ್ತು ಮುಖ್ಯ. ಮಣ್ಣಿನ ಬಿಸಿ 22ರಿಂದ 24 ಡಿಗ್ರಿಗೆ ಇಳಿದಿರಬೇಕು, ಇಬ್ಬನಿ ಹೆಪ್ಪುಗಟ್ಟುವ ಚಳಿಗೆ ಇನ್ನೂ ಮೂರ್ನಾಲ್ಕು ವಾರ ಇರಬೇಕು. ಬೇಗ ಬಿತ್ತಿದರೆ ಬರ್ಮುಡಾ ರೈ ಮೊಳಕೆಯನ್ನು ಮೇಲೇಳಲು ಬಿಡುವುದಿಲ್ಲ. ತಡವಾದರೆ ಮೊಳಕೆ ಚಳಿಗೆ ಸೊರಗುತ್ತದೆ. ಬಿತ್ತುವ ಮೂರ್ನಾಲ್ಕು ವಾರ ಮೊದಲೇ ಸಾರಜನಕದ ಗೊಬ್ಬರ ನಿಲ್ಲಿಸಿ. ಕಳೆ ಮೊಳೆಯದಂತೆ ತಡೆಯುವ ಔಷಧಿಯನ್ನೂ ಆಗ ಹಾಕಬೇಡಿ, ಅದು ರೈ ಬೀಜವನ್ನೂ ಮೊಳೆಯಲು ಬಿಡುವುದಿಲ್ಲ. ಹುಲ್ಲನ್ನು ಗಿಡ್ಡಗೆ ಕತ್ತರಿಸಿ, ಕಸ ಬಾಚಿ ತೆಗೆಯಿರಿ. ಬೀಜ ಮಣ್ಣಿಗೆ ತಾಗಬೇಕು, ಸತ್ತ ಎಲೆಯ ಮೇಲೆ ಕೂತರೆ ಸುಮ್ನೆ ದುಡ್ಡು ದಂಡ.

ಮನೆಯ ಲಾನಿಗೆ ಚದರ ಮೀಟರಿಗೆ 25ರಿಂದ 50 ಗ್ರಾಂ ಬೀಜ ಸಾಕು. ಆಟದ ಮೈದಾನಕ್ಕೆ 50ರಿಂದ 100 ಗ್ರಾಂ ಬೇಕಾಗುತ್ತದೆ. ಅರ್ಧ ಬೀಜ ಉದ್ದಕ್ಕೆ, ಇನ್ನರ್ಧ ಅಡ್ಡಕ್ಕೆ ಎರಚಿದರೆ ಪಟ್ಟೆ ಬೀಳುವುದಿಲ್ಲ. ಮೊಳೆಯುವ ತನಕ, ಅಂದರೆ 5ರಿಂದ 10 ದಿನ, ದಿನಕ್ಕೆ ಎರಡು ಮೂರು ಸಲ ತೆಳುವಾಗಿ ನೀರು ಕೊಡಿ. ಆಮೇಲೆ ನೀರಿನ ಸಲ ಕಡಿಮೆ ಮಾಡಿ.

ಇನ್ನು ನಿಮ್ಮ ಆತಂಕದ ವಿಷಯ. ಬಿಸಿಲು ಏರಿದಂತೆ ಬರ್ಮುಡಾ ಕೂಡಿಟ್ಟ ಆಹಾರ ಖರ್ಚು ಮಾಡಿ ಚಿಗುರುತ್ತದೆ. ಅಷ್ಟರಲ್ಲಿ ಮೇಲೆ ದಟ್ಟ ರೈ ಕೂತಿರುತ್ತದೆ. ಬೆಳಕು, ನೀರು, ಗೊಬ್ಬರ ಎಲ್ಲ ಅದಕ್ಕೇ ಹೋಗುತ್ತದೆ. ಈಗಿನ ಬಹುವಾರ್ಷಿಕ ರೈ ತಳಿಗಳು ಬಿಸಿಯನ್ನೂ ಜಾಸ್ತಿ ತಡೆಯುತ್ತವೆ, ಅದಕ್ಕೇ ಬೇಗ ಜಾಗ ಬಿಡುವುದಿಲ್ಲ. ಕೊನೆಗೆ ಸೆಕೆಗೆ ರೈ ಸತ್ತಾಗ ಕೆಳಗೆ ನೋಡಿದರೆ ಬೋಳು ನೆಲ! ಹಸಿರು ಕಂಡ ಖುಷಿಯಲ್ಲಿ ಯಾರೂ ವಸಂತದಲ್ಲಿ ರೈ ಹಿಂದೆ ಸರಿಸುವ ಕೆಲಸದ ಬಗ್ಗೆ ಯೋಚಿಸುವುದಿಲ್ಲ, ನನಗೆ ಬೇಸರ ಆಗುವುದು ಅಲ್ಲೇ.

ಹಾಗಾಗಿ ವಸಂತದಲ್ಲಿ ರೈಯನ್ನು ನೀವೇ ಹಿಂದೆ ಸರಿಸಬೇಕು. ಮೊದಮೊದಲು ಗೊಬ್ಬರ ಕೊಡಬೇಡಿ. ಹಂತ ಹಂತವಾಗಿ ಗಿಡ್ಡಗೆ ಕತ್ತರಿಸಿ, ಬೆಳಕು ಕೆಳಗಿಳಿಯಲಿ. ಬರ್ಮುಡಾ ಚೆನ್ನಾಗಿ ಚಿಗುರಿದ ಮೇಲೆ ಗೊಬ್ಬರ, ನೀರು ಎರಡನ್ನೂ ಕೊಡಿ. ದೊಡ್ಡ ಮೈದಾನಗಳಲ್ಲಿ ರೈಯನ್ನು ಮಾತ್ರ ಕೊಲ್ಲುವ ಔಷಧಿ ಬಳಸುವುದೂ ಉಂಟು.

ಚಳಿಗಾಲದಲ್ಲೂ ಆಟ ನಡೆಯುವ ಮೈದಾನಕ್ಕೆ ರೈ ಬೇಕೇ ಬೇಕು. ಮಲಗಿದ ಹುಲ್ಲು ತುಳಿತಕ್ಕೆ ಸವೆದರೆ ಆ ಚಳಿಯಲ್ಲಿ ಮತ್ತೆ ಬೆಳೆಯುವುದಿಲ್ಲ ಅಲ್ವಾ? ಯಾರೂ ತುಳಿಯದ ಮನೆಯ ಲಾನಿಗೆ ಮಾತ್ರ ನಾನು ಬೇಡ ಅನ್ನುತ್ತೇನೆ. ನೆರಳಲ್ಲಿರುವ, ಈಗಾಗಲೇ ಸೊರಗಿದ ಅಥವಾ ಹೊಸದಾಗಿ ನೆಟ್ಟ ಬರ್ಮುಡಾಗಂತೂ ಖಂಡಿತ ಬೇಡ. ಜೋಯ್ಸಿಯಾ, ಸೇಂಟ್ ಆಗಸ್ಟೀನ್ ಹುಲ್ಲುಗಳ ಮೇಲೂ ಬಿತ್ತಬೇಡಿ. ಹಸಿರು ಬಣ್ಣವೇ ಬೇಕೆಂದರೆ ಮಲಗಿದ ಹುಲ್ಲಿಗೆ ಸಿಂಪಡಿಸುವ ಲಾನ್ ಬಣ್ಣ ಸಿಗುತ್ತದೆ, ಅದು ಬರ್ಮುಡಾದ ಪಾಲಿನ ಬೆಳಕು, ನೀರು ಕಿತ್ತುಕೊಳ್ಳುವುದಿಲ್ಲ.