ಗುಜ್ಜೆ ಬಿರಿಯಾನಿ ಯಾಕೆ ಮುದ್ದೆಯಾಗುತ್ತದೆ?

ಫೆಬ್ರವರಿ ಬಂತೆಂದರೆ ನನಗೆ ಬರುವ ಫೋನುಗಳಲ್ಲಿ ಒಂದು ಪ್ರಶ್ನೆ ಇದ್ದೇ ಇರುತ್ತದೆ. "ಹಲಸಿನಕಾಯಿ ಬಿರಿಯಾನಿ ಮಾಡಿದೆ, ಎಲ್ಲಾ ಮುದ್ದೆಯಾಯ್ತು. ಎಲ್ಲಿ ತಪ್ಪಿದೆ?" ನಾನು ತಿರುಗಿ ಕೇಳುವುದೂ ಒಂದೇ ಪ್ರಶ್ನೆ. "ಕುಕ್ಕರಿನಲ್ಲಿ ಎಷ್ಟು ವಿಷಲ್ ಹಾಕಿಸಿದಿರಿ?" ಮೂರು ಅನ್ನುತ್ತಾರೆ, ಕೆಲವರು ನಾಲ್ಕು. ಅರ್ಧ ಉತ್ತರ ಅಲ್ಲೇ ಸಿಕ್ಕಿಬಿಡುತ್ತದೆ. ಉಳಿದ ಅರ್ಧಕ್ಕೆ ಸ್ವಲ್ಪ ವಿವರಿಸಬೇಕು. ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲ, ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಮದುವೆ, ಗೃಹಪ್ರವೇಶ, ರಿಸೆಪ್ಷನ್ ಅಂತ 22 ವರ್ಷದಿಂದ ಅಡುಗೆ ಮಾಡಿಕೊಂಡು ಬಂದಿದ್ದೇನೆ. ಶುರುವಿನ ವರ್ಷಗಳಲ್ಲಿ ಒಮ್ಮೆ ಪುತ್ತೂರಿನ ಕಡೆ 250 ಜನರ ಊಟ. ಗುಜ್ಜೆ ಬಿರಿಯಾನಿ ಬೇಕು ಅಂದಿದ್ದರು. ಬೆಳಿಗ್ಗೆ ಸಮಯ ಉಳಿಯಲಿ ಅಂತ ಹಿಂದಿನ ರಾತ್ರಿಯೇ ಗುಜ್ಜೆ ಬೇಯಿಸಿ, ಮಸಾಲೆ ಕಲಸಿದ ಮೊಸರಿನಲ್ಲಿ ನೆನೆಸಿಟ್ಟೆ. ಮಟನ್‌ಗೆ ಹಾಗೆ ಮಾಡುತ್ತಾರಲ್ಲ, ಇದಕ್ಕೂ ಆದೀತು ಅಂದುಕೊಂಡೆ. ಮಧ್ಯಾಹ್ನ ಡಬರಿಯ ಮುಚ್ಚಳ ತೆಗೆದಾಗ ಪರಿಮಳ ಚೆನ್ನಾಗಿಯೇ ಬಂತು. ಸಟ್ಟುಗ ಹಾಕಿ ಎತ್ತಿದರೆ ತುಂಡೇ ಇಲ್ಲ. ಮದುಮಗಳ ಅಮ್ಮ ಹತ್ತಿರ ಬಂದು, ಯಾರಿಗೂ ಕೇಳಿಸದ ಹಾಗೆ ಹೇಳಿದರು: "ಗುಜ್ಜೆ ಯಾವುದು, ಅನ್ನ ಯಾವುದು ಗೊತ್ತೇ ಆಗುವುದಿಲ್ಲವಲ್ಲ ಮಾರಾಯ್ರೆ." ಜೋರು ಮಾಡಲಿಲ್ಲ. ಆದರೆ ಆ ಮಾತು ಇವತ್ತಿಗೂ ನೆನಪಿದೆ. ಅಂದಿನಿಂದ ಗುಜ್ಜೆಯನ್ನು ಬೇರೆಯೇ ಕಣ್ಣಿನಿಂದ ನೋಡಲು ಶುರು ಮಾಡಿದೆ.

ಗುಜ್ಜೆ ಅಂದರೆ ಎಳೆ ಹಲಸಿನಕಾಯಿ. ಬೀಜ ಗಟ್ಟಿಯಾಗುವ ಮೊದಲೇ ಕೊಯ್ದದ್ದು. ಕರಾವಳಿಯಲ್ಲಿ ನಾವು ಗುಜ್ಜೆ ಅನ್ನುತ್ತೇವೆ, ಕೊಂಕಣಿಯವರಿಗೆ ಅದು ಕಡ್ಗಿ. ಬಂಗಾಳದಲ್ಲಂತೂ ಇದಕ್ಕೆ 'ಗಾಛ್ ಪಾಂಠಾ' ಅಂತ ಹೆಸರು, ಅಂದರೆ ಮರದ ಮೇಕೆ. ನಾರು ನಾರಾಗಿ ಬಿಡಿಸಿಕೊಳ್ಳುವುದು, ಮಸಾಲೆ ಹಿಡಿಯುವುದು ನೋಡಿದರೆ ಮಾಂಸದ ನೆನಪು ಬರುವುದು ಸಹಜ. ಉತ್ತರ ಭಾರತದ ಕಟಹಲ್ ಬಿರಿಯಾನಿಯ ರುಚಿಯೂ ಅಲ್ಲೇ ಇದೆ. ಆದರೆ ಒಲೆಯ ಮೇಲೆ ಇಟ್ಟಾಗ ಎರಡರ ನಡತೆ ಪೂರ್ತಿ ಉಲ್ಟಾ.

ಮಾಂಸ ಬೇಯುವಾಗ ರಸ ಬಿಡುತ್ತದೆ. ಕೊಬ್ಬು ಕರಗುತ್ತದೆ, ಮೂಳೆಯ ಸಾರ ಇಳಿಯುತ್ತದೆ. ಮೇಲಿನ ಅನ್ನ ಅದನ್ನೆಲ್ಲ ಹೀರಿಕೊಂಡು ರುಚಿಯಾಗುತ್ತದೆ. ಗುಜ್ಜೆಯಲ್ಲಿ ಬಿಡುವುದಕ್ಕೆ ಅಂಥ ರಸವೇ ಇಲ್ಲ. ಇರುವುದು ನಾರು, ಪಿಷ್ಟ, ನೀರು ಅಷ್ಟೇ. ಬೆಂದ ಗುಜ್ಜೆ ಸುತ್ತ ಏನಿದೆಯೋ ಅದನ್ನು ಕುಡಿಯುತ್ತದೆ. ನೀರಿದ್ದರೆ ನೀರು, ಮಸಾಲೆಯಿದ್ದರೆ ಮಸಾಲೆ. ಮೊದಲು ಏನು ಕುಡಿಸುತ್ತೀರಿ ಅನ್ನುವುದರ ಮೇಲೆ ಇಡೀ ಬಿರಿಯಾನಿ ನಿಂತಿದೆ. ಕುಕ್ಕರಿನಲ್ಲಿ ಹೊಟ್ಟೆ ತುಂಬ ನೀರು ಕುಡಿದ ತುಂಡಿಗೆ ಆಮೇಲೆ ಮಸಾಲೆ ಎಲ್ಲಿ ಹೋಗಬೇಕು? ದಮ್‌ನಲ್ಲಿ ಆ ನೀರು ಅನ್ನಕ್ಕೆ ಇಳಿದು ಎಲ್ಲವೂ ಮುದ್ದೆ.

ಹಾಗಾಗಿ ಕಾಯಿ ಆರಿಸುವಾಗಲೇ ಲೆಕ್ಕ ಶುರು. ಒಂದೂವರೆಯಿಂದ ಎರಡು ಕೆಜಿ ತೂಗುವ ಕಾಯಿ ಬಿರಿಯಾನಿಗೆ ಸರಿ. ತೀರಾ ಎಳಸು, ಮುಷ್ಟಿ ಗಾತ್ರದ್ದು, ಪಲ್ಯಕ್ಕೆ ಚೆನ್ನ. ಬಿರಿಯಾನಿಗೆ ಹಾಕಿದರೆ ಕರಗಿಹೋಗುತ್ತದೆ. ಕೊಯ್ದಾಗ ಒಳಗೆ ತೊಳೆಯ ಗೆರೆಗಳು ಮೂಡಿರಬೇಕು, ಬೀಜ ಇನ್ನೂ ಬಿಳಿಯಾಗಿ, ಕತ್ತಿಗೆ ತಡೆಯಿಲ್ಲದೆ ಕತ್ತರಿಸಬೇಕು. ಬೀಜದ ಮೇಲೆ ಪ್ಲಾಸ್ಟಿಕ್‌ನಂಥ ಸಿಪ್ಪೆ ಬಂದಿದ್ದರೆ ಆ ಕಾಯಿ ಗುಜ್ಜೆಯ ಹದ ದಾಟಿದೆ. ಅದನ್ನು ಹುಳಿಗೋ ಹಪ್ಪಳಕ್ಕೋ ಬಿಡಿ. ಮರ ನಿಮ್ಮದೇ ಆಗಿದ್ದರೆ ಬಕ್ಕೆ ಹಲಸಿನ ಕಾಯಿ ಕೊಯ್ಯಿರಿ. ನನ್ನ ಅನುಭವದಲ್ಲಿ ಅದರ ತುಂಡು ಗಟ್ಟಿ ನಿಲ್ಲುತ್ತದೆ.

ಕತ್ತರಿಸುವುದಕ್ಕೆ ಹೆದರುವವರೇ ಜಾಸ್ತಿ. ಮೇಣದ ಭಯ. ನಾವು ಬೆಳಗಿನ ಜಾವ ನಾಲ್ಕಕ್ಕೆ ಹಾಲ್‌ನ ಹಿಂದೆ ಗೋಣಿ ಹಾಸಿ ಕೂರುತ್ತೇವೆ. ಪಕ್ಕದಲ್ಲಿ ಒಂದು ಬಟ್ಟಲು ತೆಂಗಿನೆಣ್ಣೆ. ಮೊದಲು ಅಂಗೈಗೆ, ಬೆರಳ ಸಂದಿಗೆ, ಆಮೇಲೆ ಕತ್ತಿಯ ಎರಡೂ ಕಡೆಗೆ ಎಣ್ಣೆ. ಕಾಯಿಯನ್ನು ಅಡ್ಡ ಹೋಳು ಮಾಡಿದ ಕೂಡಲೇ ಹಾಲಿನಂತೆ ಮೇಣ ಉಕ್ಕುತ್ತದೆ. ಆಗ ನೀರು ಮುಟ್ಟಿಸಬಾರದು. ಮೇಣ ನೀರಿನಲ್ಲಿ ಕರಗುವುದಿಲ್ಲ, ಎಣ್ಣೆಗೆ ಮಾತ್ರ ಬಗ್ಗುತ್ತದೆ. ನೀರು ಹಾಕಿದರೆ ಕೈ, ಕತ್ತಿ, ಪಾತ್ರೆ ಎಲ್ಲದಕ್ಕೂ ಅಂಟಿಕೊಂಡು ಕೂರುತ್ತದೆ. ಹೋಳನ್ನು ಎರಡು ನಿಮಿಷ ಹಾಗೇ ಬಿಟ್ಟು, ಹಳೆ ಪೇಪರಿನಲ್ಲೋ ತೆಂಗಿನ ನಾರಿನಲ್ಲೋ ಮೇಣ ಒರೆಸಿ ತೆಗೆಯಿರಿ. ಮುಳ್ಳಿನ ಸಿಪ್ಪೆಯನ್ನು ದಪ್ಪಗೇ ಹೆರೆಯಿರಿ. ಹಸಿರು ಉಳಿದರೆ ಒಗರು ಉಳಿಯಿತು ಅಂತಲೇ ಅರ್ಥ. ನಡುವಿನ ಗೂಂಜಿನ ಗಟ್ಟಿ ಭಾಗ ತೆಗೆಯಿರಿ. ಒಂದೂವರೆ ಕೆಜಿ ಕಾಯಿಯಲ್ಲಿ ಕೊನೆಗೆ ಸಿಗುವುದು ಏಳೆಂಟು ನೂರು ಗ್ರಾಂ. ಅರ್ಧ ಕೆಜಿ ಅಕ್ಕಿಗೆ ಅಷ್ಟು ಸರಿಹೋಗುತ್ತದೆ, ಐದಾರು ಜನ ಉಣ್ಣಬಹುದು.

ತುಂಡು ದೊಡ್ಡದಿರಲಿ. ಎರಡು ಇಂಚು ಅಂದರೆ ಎರಡು ಇಂಚು. ಬಿಳಿ ತುಂಡು ಗಾಳಿಗೆ ಕಪ್ಪಾಗುತ್ತದೆ, ಅದಕ್ಕೇ ಹೆಚ್ಚಿದ ಹಾಗೆಯೇ ಮಜ್ಜಿಗೆ ನೀರಿಗೆ ಹಾಕುತ್ತಾ ಹೋಗಿ.

ಈಗ ಬೇಯಿಸುವುದು. ಅಗಲ ಪಾತ್ರೆಯಲ್ಲಿ ನೀರು ಕುದಿಸಿ, ಅರಿಶಿನ ಮತ್ತು ಕೈ ತುಂಬ ಉಪ್ಪು ಹಾಕಿ. ಗುಜ್ಜೆಗೆ ಸ್ವಂತ ರುಚಿ ಕಡಿಮೆ, ಉಪ್ಪು ಒಳಗಿನವರೆಗೆ ಹೋಗುವ ಅವಕಾಶ ಇದೊಂದೇ. ತುಂಡು ಹಾಕಿ, ಮುಚ್ಚದೆ, ಎಂಟು ಹತ್ತು ನಿಮಿಷ. ಮಧ್ಯದಲ್ಲಿ ಒಂದು ತುಂಡಿಗೆ ಕತ್ತಿಯ ತುದಿ ಚುಚ್ಚಿ ನೋಡಿ. ಸಲೀಸಾಗಿ ಇಳಿದರೆ ತಡವಾಯಿತು. ಒಳಗೆ ಹೋಗುವಾಗ ಕೊನೆಯಲ್ಲಿ ಸ್ವಲ್ಪ ಬಿಗಿ ಸಿಗಬೇಕು. ಆ ಬಿಗಿ ಸಿಕ್ಕಿದಾಗ ಬಸಿದುಬಿಡಿ. ಕುಕ್ಕರೇ ಬೇಕು ಅನ್ನುವವರು ಒಂದು ವಿಷಲ್ ಬಂದ ಕೂಡಲೇ ಆವಿ ತೆಗೆಯಿರಿ, ತಾನಾಗಿ ಇಳಿಯಲಿ ಅಂತ ಕಾಯಬೇಡಿ.

ಹದ ಮುಕ್ಕಾಲು ಆದಾಗಲೇ ನಿಲ್ಲಿಸುವುದಕ್ಕೆ ಕಾರಣ ಇದೆ. ಹುಣಸೆ ನೀರು ಮೊದಲೇ ಹಾಕಿದ ಸಾಂಬಾರಿನಲ್ಲಿ ತರಕಾರಿ ಬೇಯುವುದಕ್ಕೆ ಎಷ್ಟು ಸತಾಯಿಸುತ್ತದೆ, ನೋಡಿದ್ದೀರಲ್ವಾ? ಹುಳಿ ಸೋಕಿದ ತರಕಾರಿ ಬೇಗ ಮೆತ್ತಗಾಗುವುದಿಲ್ಲ. ಬಿರಿಯಾನಿ ಮಸಾಲೆಯಲ್ಲಿ ಮೊಸರಿದೆ, ಟೊಮೆಟೊ ಇದೆ. ಹಸಿ ಗುಜ್ಜೆಯನ್ನು ನೇರವಾಗಿ ಅದಕ್ಕೆ ಹಾಕಿದರೆ ಗಂಟೆ ಕಳೆದರೂ ಒಳಗೆ ರಬ್ಬರಿನಂತೆ ಉಳಿಯುತ್ತದೆ. ಮೊದಲೇ ಮುಕ್ಕಾಲು ಬೇಯಿಸಿ ಹಾಕಿದರೆ ಅದೇ ಹುಳಿ ತುಂಡನ್ನು ಹಿಡಿದು ನಿಲ್ಲಿಸುತ್ತದೆ. ದಮ್‌ನ ಇಪ್ಪತ್ತು ನಿಮಿಷವೂ ಅದು ಒಡೆಯುವುದಿಲ್ಲ. ಪುತ್ತೂರಿನಲ್ಲಿ ನನಗೆ ತಿಳಿಯದೇ ಹೋದದ್ದು ಇದೇ. ಪೂರ್ತಿ ಬೆಂದು ಒಡೆದದ್ದನ್ನು ಯಾವ ಮೊಸರೂ ಕಾಯುವುದಿಲ್ಲ.

ಬಸಿದ ತುಂಡನ್ನು ಬಟ್ಟೆಯ ಮೇಲೆ ಹರಡಿ ಅರ್ಧ ಗಂಟೆ ಬಿಡಿ. ಈ ಅರ್ಧ ಗಂಟೆಯನ್ನು ಎಲ್ಲರೂ ಉಳಿಸಲು ನೋಡುತ್ತಾರೆ. ದಯವಿಟ್ಟು ಉಳಿಸಬೇಡಿ. ಬಿಸಿ ತುಂಡಿನಿಂದ ಹಬೆ ಹೋಗುತ್ತಿರುವುದು ಕಣ್ಣಿಗೇ ಕಾಣುತ್ತದೆ, ಅದೆಲ್ಲ ಆಮೇಲೆ ಅನ್ನವನ್ನು ಕೆಡಿಸಬಹುದಾಗಿದ್ದ ನೀರು.

ಆಮೇಲೆ ಹುರಿಯುವುದು. ನಾವು ದೊಡ್ಡ ಬಾಣಲೆಯಲ್ಲಿ ಕರಿಯುತ್ತೇವೆ, ಮನೆಯಲ್ಲಿ ಕಾವಲಿಗೆ ನಾಲ್ಕು ಚಮಚ ಎಣ್ಣೆ ಹಾಕಿದರೂ ಸಾಕು. ಉರಿ ಜೋರಿರಲಿ. ಅಂಚು ಕೆಂಪಾಗಿ, ಮೇಲೆ ತೆಳು ಚರ್ಮ ಕಟ್ಟಬೇಕು. ಎಣ್ಣೆಯಲ್ಲಿ ಚಟಪಟ ಸದ್ದು ಬರುತ್ತಿರುವಷ್ಟು ಹೊತ್ತು ತುಂಡಿನಿಂದ ನೀರು ಹೊರಗೆ ಹೋಗುತ್ತಿದೆ. ಸದ್ದು ಇಳಿದಾಗ ತೆಗೆದು, ಬಿಸಿ ಇರುವಾಗಲೇ ಸೀದಾ ಮಸಾಲೆಗೆ ಹಾಕಿ. ತಣಿಯುವಾಗ ಹುರಿದ ತುಂಡು ಸುತ್ತಲಿನ ರಸವನ್ನು ಒಳಗೆ ಎಳೆದುಕೊಳ್ಳುತ್ತದೆ. ತಟ್ಟೆಯಲ್ಲಿ ಬಿಟ್ಟರೆ ಮೇಲಿನ ಎಣ್ಣೆಯನ್ನೇ ಎಳೆದುಕೊಂಡು ಜಿಡ್ಡಾಗುತ್ತದೆ. ನನ್ನ ಜೊತೆಗಿರುವ ಹುಡುಗರಿಗೆ ಮೊದಲ ದಿನವೇ ಹೇಳುವ ಮಾತು, ಮಸಾಲೆ ರೆಡಿಯಾಗದೆ ಗುಜ್ಜೆ ಹುರಿಯಬಾರದು.

ಮಸಾಲೆ ವಿಷಯಕ್ಕೆ ಬಂದರೆ ನಾನು ಭಟ್ಕಳದ ಕಡೆ ತಿರುಗುತ್ತೇನೆ. ಅಲ್ಲಿನ ನವಾಯತ ಮುಸ್ಲಿಮರ ಬಿರಿಯಾನಿ ನಿಂತಿರುವುದು ಈರುಳ್ಳಿಯ ಮೇಲೆ. ತುಂಬ ಈರುಳ್ಳಿ ಹಾಕಿದ ದಟ್ಟ ಮಸಾಲೆ ಕೆಳಗೆ, ಬೇರೆಯೇ ಬೇಯಿಸಿದ ಅನ್ನ ಮೇಲೆ. ಗುಜ್ಜೆಗೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಸಿಕ್ಕಿಲ್ಲ. ಮಾಂಸ ಕೊಡಬೇಕಿದ್ದ ರಸವನ್ನು ಇಲ್ಲಿ ಈರುಳ್ಳಿ ಕೊಡುತ್ತದೆ. ಅರ್ಧ ಕೆಜಿ ಅಕ್ಕಿಗೆ ಅರ್ಧ ಕೆಜಿಗೂ ಜಾಸ್ತಿ ಈರುಳ್ಳಿ. ಹೌದು, ಅಷ್ಟು ಬೇಕು. ಅರ್ಧವನ್ನು ತೆಳ್ಳಗೆ ಹೆಚ್ಚಿ ಕರಿದಿಡಿ. ತಿಳಿ ಕಂದು ಬಂದಾಗಲೇ ತೆಗೆಯಬೇಕು, ಹೊರಗೆ ಬಂದ ಮೇಲೂ ಬಣ್ಣ ಏರುತ್ತದೆ. ಉಳಿದದ್ದನ್ನು ಸಣ್ಣ ಉರಿಯಲ್ಲಿ ಬಾಡಿಸಿ, ಶುಂಠಿ ಬೆಳ್ಳುಳ್ಳಿ ಪೇಸ್ಟು, ಸೀಳಿದ ಹಸಿಮೆಣಸು, ಎರಡು ಟೊಮೆಟೊ, ಸ್ವಲ್ಪ ಕೊತ್ತಂಬರಿ ಪುಡಿ ಮತ್ತು ಖಾರದ ಪುಡಿ. ಚಕ್ಕೆ, ಲವಂಗ, ಏಲಕ್ಕಿ ನಿಮ್ಮ ಕೈ ಅಳತೆಗೆ ಬಿಟ್ಟದ್ದು. ಕಲ್ಲುಹೂವು ಮಾತ್ರ ಮರೆಯಬೇಡಿ. ಎಣ್ಣೆಯಲ್ಲಿ ಅದು ಬಿಸಿಯಾದಾಗ ಬರುವ ಸೌದೆ ಒಲೆಯಂಥ ವಾಸನೆ ತರಕಾರಿ ಬಿರಿಯಾನಿಗೆ ಒಂದು ಗಾಂಭೀರ್ಯ ಕೊಡುತ್ತದೆ. ಕೊನೆಯಲ್ಲಿ ಒಂದು ಲೋಟ ಗಟ್ಟಿ ಮೊಸರನ್ನು ಕಡೆದು, ಉರಿ ಇಳಿಸಿ ಸೇರಿಸಿ. ಒಂದು ಹಿಡಿ ಗೇರುಬೀಜ ಅರೆದು ಹಾಕಿದರೆ ಮೊಸರು ಒಡೆಯುವ ಭಯವೂ ಕಡಿಮೆ. ಹುರಿದ ಗುಜ್ಜೆ ಇದರಲ್ಲಿ ಹತ್ತು ನಿಮಿಷ ಮುಚ್ಚಿ ಕೂರಲಿ. ಮಸಾಲೆ ತುಂಡಿಗೆ ಅಂಟುವಷ್ಟು ಗಟ್ಟಿ ಇರಬೇಕು, ಆದರೆ ಪೂರ್ತಿ ಒಣಗಿರಬಾರದು.

ಬೇಯಿಸಿದ ಕಡಲೆ ಒಂದು ಲೋಟ ಸೇರಿಸುವುದು ನನ್ನ ಅಭ್ಯಾಸ. ಗುಜ್ಜೆಗೆ ಕಡಲೆ ನಮ್ಮ ಕರಾವಳಿಯ ಹಳೆ ಜೋಡಿ. ಹಲಸನ್ನು ಮಾಂಸಕ್ಕೆ ಬದಲಿ ಅಂತ ಈಗ ತುಂಬ ಹೊಗಳುತ್ತಾರೆ. ಕಚ್ಚುವ ಖುಷಿಗೆ ಬದಲಿ ಹೌದು. ಪ್ರೋಟೀನಿಗೆ ಅಲ್ಲ, 100 ಗ್ರಾಂನಲ್ಲಿ ಎರಡು ಮೂರು ಗ್ರಾಂ ಇದ್ದರೆ ಹೆಚ್ಚು. ಆ ಕೊರತೆಯನ್ನು ಕಡಲೆ ಸ್ವಲ್ಪ ತುಂಬುತ್ತದೆ.

ಅಕ್ಕಿಗೆ ಜಾಸ್ತಿ ಹೇಳುವುದಿಲ್ಲ. ಹೊಸಬರು ಬಾಸುಮತಿಯಲ್ಲೇ ಮಾಡಿ. ಬೆಂಗಳೂರಿನ ದೊನ್ನೆ ಬಿರಿಯಾನಿಯ ಜೀರಿಗೆ ಸಾಂಬಾ ಅಕ್ಕಿ ಗುಜ್ಜೆಗೆ ಇನ್ನೂ ಚೆನ್ನ, ಆದರೆ ನೀರಿನ ಲೆಕ್ಕ ಸ್ವಲ್ಪ ತಪ್ಪಿದರೂ ಕ್ಷಮಿಸುವುದಿಲ್ಲ. ಬಾಸುಮತಿಯನ್ನು ಅರ್ಧ ಗಂಟೆ ನೆನೆಸಿ, ಧಾರಾಳ ನೀರಿನಲ್ಲಿ ಐದಾರು ನಿಮಿಷ ಕುದಿಸಿ. ಅಗುಳನ್ನು ಉಗುರಿನಿಂದ ಒತ್ತಿದರೆ ಮುರಿಯಬೇಕು, ನಡುವೆ ಬಿಳಿ ಚುಕ್ಕಿ ಉಳಿದಿರಬೇಕು. ಗುಜ್ಜೆ ಬಿರಿಯಾನಿಯಲ್ಲಿ ಕೆಳಗಿನಿಂದ ಬರುವ ಹಬೆ ಮಾಂಸದ್ದಕ್ಕಿಂತ ಕಡಿಮೆ. ಅದಕ್ಕೇ ನಾನು ಅನ್ನವನ್ನು ಒಂದು ಕೂದಲೆಳೆ ಹೆಚ್ಚೇ ಬೇಯಿಸುತ್ತೇನೆ.

ದಪ್ಪ ತಳದ ಪಾತ್ರೆಗೆ ತುಪ್ಪ ಸವರಿ, ಮಸಾಲೆ ಗುಜ್ಜೆ, ಕರಿದ ಈರುಳ್ಳಿ, ಪುದೀನ, ಕೊತ್ತಂಬರಿ. ಮೇಲೆ ಅನ್ನ. ಮತ್ತೆ ಈರುಳ್ಳಿ, ಎರಡು ಚಮಚ ತುಪ್ಪ, ಕಾಲು ಲೋಟ ತೆಳು ತೆಂಗಿನ ಹಾಲು ಚಿಮುಕಿಸಿ. ಅದರ ಮೇಲೆ ಬಾಡಿಸಿದ ಬಾಳೆ ಎಲೆ, ಆಮೇಲೆ ಮುಚ್ಚಳ. ಬಾಳೆ ಎಲೆ ಇದ್ದರೆ ಮುಚ್ಚಳದ ನೀರು ಅನ್ನದ ಮೇಲೆ ತೊಟ್ಟಿಕ್ಕುವುದಿಲ್ಲ. ಐದು ನಿಮಿಷ ಜೋರು ಉರಿ, ಆಮೇಲೆ ಪಾತ್ರೆಯನ್ನು ಕಾದ ಕಾವಲಿಯ ಮೇಲಿಟ್ಟು ಇಪ್ಪತ್ತು ನಿಮಿಷ ಸಣ್ಣ ಉರಿ. ಒಲೆ ಆರಿಸಿದ ಮೇಲೆ ಕಾಲು ಗಂಟೆ ಮುಟ್ಟಬೇಡಿ. ಬಡಿಸುವಾಗ ಬದಿಯಿಂದ ಸಟ್ಟುಗ ಇಳಿಸಿ, ತಳದವರೆಗೆ ಹೋಗಿ ಮೇಲೆತ್ತಿ. ನಡುವಿನಲ್ಲಿ ಕಲಸಿದರೆ ಇಷ್ಟು ಹೊತ್ತು ಕಾಪಾಡಿದ ತುಂಡು ನಿಮ್ಮ ಕೈಯಲ್ಲೇ ಒಡೆಯುತ್ತದೆ.

ಹೊರದೇಶದಲ್ಲಿರುವವರು ಡಬ್ಬಿಯ ಹಲಸಿನ ಬಗ್ಗೆ ಕೇಳುತ್ತಾರೆ. ಆಗುತ್ತದೆ. ಉಪ್ಪುನೀರಿನಲ್ಲಿ ಹಾಕಿದ ಎಳೆ ಹಲಸನ್ನೇ ತನ್ನಿ. ಸಕ್ಕರೆ ಪಾಕದಲ್ಲಿ ಹಾಕಿದ ಹಣ್ಣಿನ ಡಬ್ಬಿಯೂ ಪಕ್ಕದಲ್ಲೇ ಇರುತ್ತದೆ, ಹೆಸರು ಸರಿಯಾಗಿ ಓದಿ. ಉಪ್ಪುನೀರಿನ ಡಬ್ಬಿಯ ಹಲಸು ಆಗಲೇ ಬೆಂದಿರುತ್ತದೆ, ಮತ್ತೆ ಬೇಯಿಸುವ ಹಾಗಿಲ್ಲ. ತೊಳೆದು, ಅಂಗೈಯಲ್ಲಿ ಮೆಲ್ಲಗೆ ಹಿಂಡಿ, ಒಣಗಿಸಿ ಹುರಿಯಿರಿ. ಊರಿನಲ್ಲಿ ಮಳೆಗಾಲಕ್ಕೆ ಹಾಕಿಟ್ಟ ಉಪ್ಪುಸೊಳೆಯಲ್ಲಿ, ಅಂದರೆ ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ತೊಳೆಯಲ್ಲಿ, ಮಾಡಬಹುದಾ ಅಂತಲೂ ಕೇಳಿದ್ದಾರೆ. ನಾನು ಬೇಡ ಅನ್ನುತ್ತೇನೆ. ಉಪ್ಪುಸೊಳೆಗೆ ಅದರದ್ದೇ ಒಂದು ವಾಸನೆಯಿದೆ. ಪಲ್ಯದಲ್ಲಿ, ರೊಟ್ಟಿಯಲ್ಲಿ ಅದು ಬಲು ಚಂದ, ಪುದೀನದ ಜೊತೆ ಜಗಳಕ್ಕೆ ಬೀಳುತ್ತದೆ.

ಜೊತೆಗೆ ಸೌತೆಕಾಯಿ ಮೊಸರು ಬಜ್ಜಿ ಸಾಕು. ಮಧ್ಯಾಹ್ನ ಮಾಡಿ ಉಳಿದರೆ ಬಿಸಿ ಆರಿದ ಕೂಡಲೇ ಫ್ರಿಜ್‌ಗೆ ಸೇರಿಸಿ. ಮರುದಿನಕ್ಕೆ ತುಂಡು ಇನ್ನಷ್ಟು ಮಸಾಲೆ ಕುಡಿದಿರುತ್ತದೆ, ನನಗೆ ಆ ರುಚಿಯೇ ಹೆಚ್ಚು ಇಷ್ಟ. ಆದರೆ ಅಷ್ಟೇ ಒಣಗಿಯೂ ಇರುತ್ತದೆ. ಬಾಣಲೆಯಲ್ಲಿ ಕೆದಕಬೇಡಿ. ಮೇಲೆ ಎರಡು ಚಮಚ ನೀರು ಚಿಮುಕಿಸಿ, ಇಡ್ಲಿ ಪಾತ್ರೆಯಲ್ಲಿ ಹತ್ತು ನಿಮಿಷ ಹಬೆಗೆ ಇಟ್ಟು, ಚೆನ್ನಾಗಿ ಬಿಸಿಯಾದ ಮೇಲೆ ಬಡಿಸಿ.