300 ಇಲಿ ಬಾಲ ಮತ್ತು ಒಂದು ಪುಟ್ಟ ದ್ವೀಪದ ಶಾಸನಸಭೆ

ಸುಮ್ನೆ ಅನುಮಾನ ಬಂತು ಅಂತ ಬೆಕ್ಕು ಕೊಂದರೆ 300 ಇಲಿ ಹೊಡೆಯಬೇಕು. ಹೊಡೆದರೆ ಸಾಲದು, ಅವುಗಳ ಬಾಲ ತಂದು ಮ್ಯಾಜಿಸ್ಟ್ರೇಟ್ ಮುಂದೆ ಇಡಬೇಕು. ಹತ್ತೊಂಬತ್ತನೇ ಶತಮಾನದಲ್ಲಿ ಪಿಟ್‌ಕೇರ್ನ್ ದ್ವೀಪದಲ್ಲಿ ಜಾರಿಗೆ ಬಂದ ಕಾನೂನು ಇದು. ಬೆಕ್ಕು ಕೋಳಿ ಹಿಡಿದದ್ದನ್ನು ಕಣ್ಣಾರೆ ಕಂಡಿದ್ದರೆ ಮಾತ್ರ ಮಾಫಿ.

ನನಗೆ ಈ ಕಾನೂನು ತುಂಬಾ ಇಷ್ಟ. ಬೆಕ್ಕು ಸತ್ತರೆ ಊರಿಗಾಗುವ ನಷ್ಟ ಏನು? ಇಲಿ ಜಾಸ್ತಿಯಾಗುತ್ತವೆ, ತೋಟದ ಗೆಣಸು ಹಾಳಾಗುತ್ತದೆ. ಹಾಗಾದರೆ ಬೆಕ್ಕಿನ ಕೆಲಸವನ್ನು ಕೊಂದವರೇ ಮಾಡಲಿ! ಶಿಕ್ಷೆ ನಷ್ಟದ ಅಳತೆಗೇ ಇದೆ, ಮಾಡಿದ್ದಕ್ಕೆ ಸಾಕ್ಷಿಯೂ ಎಣಿಸುವಂತಿದೆ. ಆ ತೋಟದಲ್ಲಿ ಬದುಕುವವರಿಗೆ ಮಾತ್ರ ಹೊಳೆಯುವಂಥದ್ದು ಇದು.

ಪಿಟ್‌ಕೇರ್ನ್ ಇರುವುದು ದಕ್ಷಿಣ ಪೆಸಿಫಿಕ್ ಸಾಗರದ ನಡುವೆ. ಐದು ಚದರ ಕಿ.ಮೀ.ಗಿಂತ ಚಿಕ್ಕದು. ವಿಮಾನ ನಿಲ್ದಾಣ ಇಲ್ಲ. ಬ್ರಿಟನ್ನಿನ ಈ ಸಾಗರೋತ್ತರ ಪ್ರದೇಶದಲ್ಲಿ ಇಂದು ಇರುವವರು 50ಕ್ಕಿಂತ ಕಡಿಮೆ ಜನ. ಅಷ್ಟೂ ಜನರನ್ನು ಒಂದೇ ಬಸ್ಸಿನಲ್ಲಿ ಕೂರಿಸಬಹುದು. ಆದರೂ ಅವರಿಗೊಂದು ಚುನಾಯಿತ ಕೌನ್ಸಿಲ್ ಇದೆ, ಮೇಯರ್ ಇದ್ದಾರೆ.

1789ರಲ್ಲಿ ಬ್ರಿಟಿಷ್ ನೌಕಾಪಡೆಯ ಬೌಂಟಿ ಹಡಗಿನಲ್ಲಿ ದಂಗೆ ಎದ್ದವರಲ್ಲಿ ಕೆಲವರು, ಜೊತೆಗೆ ಬಂದ ಟಹೀಟಿ ಕಡೆಯ ಗಂಡಸರು ಮತ್ತು ಹೆಂಗಸರು, 1790ರಲ್ಲಿ ಇಲ್ಲಿ ಇಳಿದು ಹಡಗನ್ನು ಸುಟ್ಟರು. ಹನ್ನೊಂದು ವರ್ಷದೊಳಗೆ ಕೊಲೆ, ಕುಡಿತ, ಕಾಯಿಲೆಗಳಲ್ಲಿ ಆ ಗಂಡಸರೆಲ್ಲ ಹೋದರು, ಉಳಿದದ್ದು ದಂಗೆ ಎದ್ದವರಲ್ಲಿ ಒಬ್ಬರಾದ ಜಾನ್ ಆಡಮ್ಸ್ ಮಾತ್ರ. ಊರನ್ನು ಕಟ್ಟಿದ್ದು ಬಹುಪಾಲು ಆ ಹೆಂಗಸರು ಮತ್ತು ಅವರ ಮಕ್ಕಳು.

1832ರಲ್ಲಿ ಜೋಶುವಾ ಹಿಲ್ ಎಂಬಾತ ಬಂದ. ಸರ್ಕಾರವೇ ತನ್ನನ್ನು ಕಳಿಸಿದೆ ಎಂದು ಸುಳ್ಳು ಹೇಳಿ ಕೆಲವು ವರ್ಷ ದರ್ಬಾರು ನಡೆಸಿದ. ಅವನ ಕಾಟದಿಂದ ಪಾರಾದ ಮೇಲೆ, 1838ರಲ್ಲಿ ಫ್ಲೈ ಹಡಗಿನ ಕ್ಯಾಪ್ಟನ್ ಎಲಿಯಟ್ ಅವರ ನೆರವಿನಿಂದ ದ್ವೀಪಕ್ಕೆ ಸಂವಿಧಾನ ಬಂತು. ವರ್ಷಕ್ಕೊಮ್ಮೆ ಮ್ಯಾಜಿಸ್ಟ್ರೇಟ್ ಚುನಾವಣೆ. 18 ದಾಟಿದ ಎಲ್ಲರಿಗೂ ಓಟು, ಗಂಡಾಗಲಿ ಹೆಣ್ಣಾಗಲಿ. ಬ್ರಿಟನ್ನಿನಲ್ಲಿ ಗಂಡಸರ ಸಮಕ್ಕೆ ಹೆಂಗಸರು ಓಟು ಹಾಕಿದ್ದು 1928ರ ನಂತರ, ಅಲ್ವಾ? ಮಕ್ಕಳನ್ನು ಶಾಲೆಗೆ ಕಳಿಸುವುದನ್ನೂ ಅದೇ 1838ರಲ್ಲಿ ಕಡ್ಡಾಯ ಮಾಡಿದರು.

ಆದರೆ ಇಂಥ ಕಡೆ ಒಂದು ದೊಡ್ಡ ತೊಂದರೆ ಇದೆ. ಎಲ್ಲರೂ ಎಲ್ಲರಿಗೂ ನೆಂಟರು. ಕಾನೂನು ಮಾಡುವವರು, ಜಾರಿ ಮಾಡುವವರು, ತಪ್ಪು ಮಾಡಿದವರು ಒಂದೇ ಮನೆಯವರಾದರೆ ಮಗುವೊಂದು ದೂರು ಕೊಡುವುದು ಯಾರ ಬಳಿ? 2004ರಲ್ಲಿ ದ್ವೀಪದ ಏಳು ಗಂಡಸರ ಮೇಲೆ ಹೆಣ್ಣುಮಕ್ಕಳ ಲೈಂಗಿಕ ದೌರ್ಜನ್ಯದ ವಿಚಾರಣೆ ನಡೆಯಿತು. ಅಂದಿನ ಮೇಯರ್ ಕೂಡ ಅವರಲ್ಲಿ ಒಬ್ಬರು. ಆರು ಜನ ತಪ್ಪಿತಸ್ಥರಾದರು. ನ್ಯಾಯಾಧೀಶರು, ವಕೀಲರು ಎಲ್ಲರೂ ನ್ಯೂಜಿಲೆಂಡಿನಿಂದ ಬರಬೇಕಾಯಿತು. ಬ್ರಿಟನ್ನಿನ ಕಾನೂನು ನಮಗೆ ಅನ್ವಯಿಸುವುದಿಲ್ಲ, ಅದನ್ನು ಇಲ್ಲಿ ಪ್ರಕಟಿಸಿಯೇ ಇರಲಿಲ್ಲ ಎಂದು ತಪ್ಪಿತಸ್ಥರು ಕೊನೆಯ ಮೇಲ್ಮನವಿ ಕೇಳುವ ಲಂಡನ್ನಿನ ಪ್ರಿವಿ ಕೌನ್ಸಿಲ್‌ವರೆಗೂ ಹೋದರು. 2006ರಲ್ಲಿ ಆ ವಾದ ಬಿದ್ದುಹೋಯಿತು. ಬೀಳಲೇಬೇಕಿತ್ತು.

ಈಗಿನ ಸಂವಿಧಾನ 2010ರದ್ದು. ಅದರಲ್ಲಿ ಮೂಲಭೂತ ಹಕ್ಕುಗಳು ಸೇರಿವೆ. ಆರ್ಡಿನೆನ್ಸ್ ಎಂಬ ಕಾನೂನುಗಳನ್ನು ಹೊರಡಿಸುವುದು ಗವರ್ನರ್, ಅದೂ ಕೌನ್ಸಿಲ್ ಜೊತೆ ಚರ್ಚಿಸಿ. ನ್ಯೂಜಿಲೆಂಡಿನ ಬ್ರಿಟಿಷ್ ಹೈಕಮಿಷನರ್ ಅವರೇ ಗವರ್ನರ್. ಅವರು ಕೂರುವುದು ಐದು ಸಾವಿರ ಕಿ.ಮೀ.ಗೂ ದೂರದ ವೆಲಿಂಗ್ಟನ್ನಿನಲ್ಲಿ. ಊರಿನ ದಿನನಿತ್ಯದ ಆಡಳಿತ ಕೌನ್ಸಿಲ್ ಕೈಯಲ್ಲಿ. ಅಷ್ಟು ದೂರದಲ್ಲಿ ಕೂತವರಿಗೆ ಇಲಿಯ ಕಾಟ ತಿಳಿಯುವುದಿಲ್ಲ, ನಿಜ. ಆದರೆ ಅವರು ಯಾರ ಮಾವನೂ ಅಲ್ಲ, ಯಾರ ಅಣ್ಣನೂ ಅಲ್ಲ. ಪಿಟ್‌ಕೇರ್ನ್‌ನ ಮಕ್ಕಳಿಗೆ ಆ ದೂರ ಬೇಕಿತ್ತು ಎಂದೇ ನಾನು ನಂಬುತ್ತೇನೆ.

2020ರ ಆರಂಭದಲ್ಲಿ ಶಾರ್ಲೀನ್ ವಾರೆನ್-ಪೆಯು ಮೇಯರ್ ಆದರು. ಪೂರ್ಣಾವಧಿಗೆ ಚುನಾಯಿತರಾದ ಮೊದಲ ಹೆಣ್ಣು ಅವರು. ಹೆಂಗಸರು ಓಟಿನ ಹಕ್ಕು ಪಡೆದು ಆಗಲೇ 180 ವರ್ಷ ದಾಟಿತ್ತು.